ಜನ್ಮದಿನಾಂಕದ ಮುಂದಿನ ಒಂದು ವರ್ಷ

ಶಾಲೆಯ ದಾಖಲಾತಿ ಪುಸ್ತಕವನ್ನು ತೆರೆದರೆ ವಿದ್ಯಾರ್ಥಿಯ ಹೆಸರಿನ ಮುಂದೆ ಜನ್ಮದಿನಾಂಕದ ಅಂಕಣವೊಂದಿರುತ್ತದೆ. ಅದರಾಚೆ ಪ್ರವೇಶದ ದಿನಾಂಕ. ಈ ಎರಡು ದಿನಾಂಕಗಳ ನಡುವೆ ಸರಿದುಹೋದ ಐದಾರು ವರ್ಷಗಳ ಬಗೆಗೆ ಪುಸ್ತಕ ಏನನ್ನೂ ಹೇಳುವುದಿಲ್ಲ. ಹಿಂದಿನ ದಿನಗಳಲ್ಲಂತೂ ಜನ್ಮದಿನಾಂಕವೇ ನಿಜವಾಗಿರುತ್ತಿರಲಿಲ್ಲ. ಮಗು ತನ್ನ ಬಲಗೈಯನ್ನು ತಲೆಯ ಮೇಲಿನಿಂದ ಸುತ್ತಿಸಿ ಎಡಗಿವಿಯನ್ನು ಮುಟ್ಟಿದರೆ ಸಾಕು, ಮುಖ್ಯಾಧ್ಯಾಪಕರು ಜೂನ್ 1 ಎಂದು ಬರೆದುಬಿಡುತ್ತಿದ್ದರು. ಆ ಪೀಳಿಗೆಯ ಅರ್ಧ ನಾಡೇ ಒಂದು ದಿನ ಹುಟ್ಟಿ ಒಂದೇ ದಿನ ನಿವೃತ್ತಿ ಹೊಂದಿದ ಸೋಜಿಗಕ್ಕೆ ಕಾರಣ ಇದು.

ದಿನಾಂಕ ಈಗ ಸರಿಯಾಗಿದೆ, ಆದರೆ ಅದರ ಮುಂದಿನ ಮೌನ ಹಾಗೆಯೇ ಉಳಿದಿದೆ. ಹಿಂದಿನ ಬೆಂಚಿನಲ್ಲಿ ಕುಳಿತು ಕರೆದರೆ ಓಗೊಡದ ಹುಡುಗ ಹಟಮಾರಿಯಲ್ಲದೆ, ಹುಟ್ಟಿದ ವಾರದಲ್ಲಿ ಬಂದ ಕಾಮಾಲೆಗೆ ಚಿಕಿತ್ಸೆ ದೊರೆಯದೆ ಕಿವಿಯ ಶಕ್ತಿ ಕುಂದಿದವನಾಗಿರಬಹುದು. ಮಗ್ಗಿಯನ್ನು ಎಷ್ಟು ಸಲ ಹೇಳಿಸಿದರೂ ಮರೆಯುವ ಹುಡುಗಿ ಎಂಟನೆಯ ತಿಂಗಳಿನಿಂದಲೇ ರಕ್ತಹೀನತೆಯಲ್ಲಿ ಬೆಳೆದವಳಾಗಿರಬಹುದು. ಉಪಾಧ್ಯಾಯನ ಕೈಗೆ ಬರುವ ಹೊತ್ತಿಗೆ ಮಗುವಿನ ಮೇಲೆ ಆಗಬೇಕಾದ ಉಪಕಾರ ಅಪಕಾರಗಳಲ್ಲಿ ಬಹುಪಾಲು ಆಗಿಹೋಗಿರುತ್ತವೆ. ಶಿಶುವಿನ ಮೊದಲ ವರ್ಷದ ಪಾಲನೆಯ ವಿಚಾರಕ್ಕೆ ವಿದ್ಯಾಸಂಸ್ಥೆಯೊಂದರ ಸಂಚಿಕೆಯಲ್ಲಿ ಎಡೆಯೇಕೆ ಎಂದು ಕೇಳುವವರಿಗೆ ಇಷ್ಟು ಸಮಾಧಾನ ಸಾಕು.

1971ರಲ್ಲಿ ಭಾರತದಲ್ಲಿ ಜೀವಂತವಾಗಿ ಜನಿಸಿದ ಪ್ರತಿ 1000 ಶಿಶುಗಳಲ್ಲಿ 129 ಶಿಶುಗಳು ತಮ್ಮ ಮೊದಲ ಹುಟ್ಟುಹಬ್ಬವನ್ನು ಕಾಣಲಿಲ್ಲ. 2020ರ ಹೊತ್ತಿಗೆ ಈ ಸಂಖ್ಯೆ ದೇಶದಲ್ಲಿ 28ಕ್ಕೂ ಕರ್ನಾಟಕದಲ್ಲಿ 19ಕ್ಕೂ ಇಳಿಯಿತು. ಅರ್ಧ ಶತಮಾನದ ಈ ಸಾಧನೆ ಸಾಮಾನ್ಯವಾದುದಲ್ಲ. ಆದರೆ ಇನ್ನೊಂದು ಲೆಕ್ಕವಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 100ಕ್ಕೆ ಸುಮಾರು 89 ಹೆರಿಗೆಗಳು ಆಸ್ಪತ್ರೆಗಳಲ್ಲಿಯೇ ಆಗುತ್ತಿದ್ದುವು. ಹುಟ್ಟಿದ ಒಂದು ಗಂಟೆಯೊಳಗೆ ತಾಯಿಯ ಎದೆಹಾಲು ದೊರೆತದ್ದು ಮಾತ್ರ 100ಕ್ಕೆ 42 ಶಿಶುಗಳಿಗೆ. ವೈದ್ಯರೂ ದಾದಿಯರೂ ಎದುರಿಗಿದ್ದಾಗಲೇ, ಕಾಸು ಖರ್ಚಿಲ್ಲದ ಮೊದಲ ಔಷಧ ಅರ್ಧಕ್ಕೂ ಹೆಚ್ಚು ಮಕ್ಕಳ ಬಾಯಿಗೆ ಹೊತ್ತಿಗೆ ಸರಿಯಾಗಿ ಬೀಳಲಿಲ್ಲವೆಂದ ಮೇಲೆ, ಕಟ್ಟಡಗಳಿಂದ ಸಾಧಿಸಬಹುದಾದುದು ಒಂದು ಹಂತದವರೆಗೆ ಮಾತ್ರ ಎಂದು ಒಪ್ಪಬೇಕಾಗುತ್ತದೆ.

ಹೊಸ ತಂದೆತಾಯಿಗಳಿಗೆ ಉಪದೇಶದ ಕೊರತೆಯಿದೆಯೇ? ಇಲ್ಲವೇ ಇಲ್ಲ. ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಯಾವುದೇ ಮನೆಯಲ್ಲಿ ಮಗು ಹುಟ್ಟಿತೆಂದರೆ ಬುದ್ಧಿ ಹೇಳುವವರ ಸಾಲು ಅಂಗಳದವರೆಗೂ ಬೆಳೆಯುತ್ತದೆ. ಅಜ್ಜಿ ಒಂದು ಹೇಳಿದರೆ ಆಶಾ ಕಾರ್ಯಕರ್ತೆ ಇನ್ನೊಂದು ಹೇಳುತ್ತಾಳೆ. ಔಷಧಿ ಅಂಗಡಿಯವನು ಮೂರನೆಯದನ್ನು ಹೇಳಿದರೆ ಕೈಯಲ್ಲಿರುವ ಮೊಬೈಲು ಮೂವರನ್ನೂ ಸುಳ್ಳಾಗಿಸುತ್ತದೆ. ದೋಷವಿರುವುದು ಉಪದೇಶವನ್ನು ಯಾರಿಗೆ ಹೇಳಲಾಗುತ್ತಿದೆ ಎಂಬಲ್ಲಿ. ಎಲ್ಲವೂ ಹಸಿ ಬಾಣಂತಿಯೊಬ್ಬಳ ಕಿವಿಗೆ ಬೀಳುತ್ತದೆ. ಮನೆಯಲ್ಲಿ ತೀರ್ಮಾನ ಮಾಡುವ ಅಧಿಕಾರ ಮಾತ್ರ ಅವಳೊಬ್ಬಳಿಗೇ ಇರುವುದಿಲ್ಲ. ನೀರು ಕುಡಿಸಬಾರದೆಂದು ತಾಯಿಕಾರ್ಡಿನಲ್ಲಿ ಓದಿದ ಇಪ್ಪತ್ತೆರಡರ ಹುಡುಗಿ, ನಾಲ್ವರು ಮಕ್ಕಳನ್ನು ಸಾಕಿ ಬೆಳೆಸಿದ ಅತ್ತೆಯ ಎದುರಿನಲ್ಲಿ ಆ ಕಾರ್ಡನ್ನು ಹಿಡಿದು ವಾದಿಸಿಯಾಳೇ? ಉಪದೇಶ ಇಡೀ ಮನೆಗೆ ಸಲ್ಲಬೇಕು. ಅದರಲ್ಲಿಯೂ ಅಜ್ಜಿಗೆ ಮೊದಲು, ತಂದೆಗೆ ಅನಂತರ.

ಬಾಣಂತನವನ್ನು ಒಂದು ಸಂಸ್ಥೆಯೆಂದೇ ಕರೆಯಬೇಕು. ನಲವತ್ತು ದಿನಗಳ ವಿಶ್ರಾಂತಿ, ಬಚ್ಚಲ ಹಂಡೆಯಲ್ಲಿ ಸದಾ ಕಾಯುವ ನೀರು, ಕೊಬ್ಬರಿ ಎಣ್ಣೆಯ ಅಭ್ಯಂಜನ, ಬೆಳ್ಳುಳ್ಳಿ ಕಾಳುಮೆಣಸಿನ ಸಾರು, ಮಗುವನ್ನು ಕಾಲಮೇಲೆ ಮಲಗಿಸಿಕೊಂಡು ನೀರೆರೆಯುವ ಅನುಭವಿ ಕೈ: ಇಷ್ಟನ್ನು ಯಾವ ಸರ್ಕಾರವೂ ಒದಗಿಸಲಾರದು. ಹವ್ಯಕರ ಮನೆಯಲ್ಲಿ, ಹಾಲಕ್ಕಿ ಒಕ್ಕಲಿಗರ ಕೊಪ್ಪದಲ್ಲಿ, ಭಟ್ಕಳದ ನವಾಯತರ ಕೇರಿಯಲ್ಲಿ, ಖಾರ್ವಿಗಳ ಕಡಲಂಚಿನ ಮನೆಯಲ್ಲಿ ಇದರ ವಿವರಗಳು ಬೇರೆ ಬೇರೆ. ಹೆತ್ತವಳನ್ನು ಕೆಲವು ಕಾಲ ದುಡಿಮೆಯಿಂದ ಬಿಡಿಸಬೇಕೆಂಬ ವಿವೇಕ ಮಾತ್ರ ಒಂದೇ. ಮೃದುವಾದ ಎಣ್ಣೆ ತಿಕ್ಕುವಿಕೆಯನ್ನು, ತಾಯಿ ಮಗು ಒಟ್ಟಿಗೆ ಬೆಚ್ಚಗೆ ಮಲಗುವುದನ್ನು, ಜೋಗುಳವನ್ನು ಇಂದಿನ ವೈದ್ಯವೂ ಒಪ್ಪುತ್ತದೆ. ಹಳೆಯದೆಲ್ಲ ಮೌಢ್ಯವೆಂದು ಮೂಗು ಮುರಿಯುವ ಪಟ್ಟಣದ ವಿದ್ಯಾವಂತರು ಇದನ್ನು ಮೊದಲು ಗಮನಿಸಬೇಕು.

ಆದರೆ ಜರಡಿ ಹಿಡಿಯುವ ಕೆಲಸ ತಪ್ಪಿದ್ದಲ್ಲ. ಮೊದಲ ಎರಡು ಮೂರು ದಿನಗಳ ಹಳದಿ ಬಣ್ಣದ ಗಟ್ಟಿ ಹಾಲನ್ನು ಕೆಟ್ಟದೆಂದು ಹಿಂಡಿ ಚೆಲ್ಲುವುದುಂಟು. ರೋಗನಿರೋಧಕ ಶಕ್ತಿಯ ದೊಡ್ಡ ಪಾಲು ಇರುವುದೇ ಅದರಲ್ಲಿ. ಹುಟ್ಟಿದ ಮಗುವಿನ ನಾಲಗೆಗೆ ಜೇನುತುಪ್ಪ ಸವರುವ ಪದ್ಧತಿ ಮಂಗಳಕರವೆನಿಸಬಹುದು. ಜೇನಿನಲ್ಲಿ ಅಡಗಿರಬಹುದಾದ ಒಂದು ಬಗೆಯ ಸೂಕ್ಷ್ಮಜೀವಿ ಎಳೆಯ ಕರುಳಿನಲ್ಲಿ ಮೊಳೆತು ಸ್ನಾಯುಗಳನ್ನೇ ಸೋಲಿಸುವ ವಿಷವನ್ನು ಉಂಟುಮಾಡಬಲ್ಲುದಾದ್ದರಿಂದ ಒಂದು ವರ್ಷ ತುಂಬುವವರೆಗೆ ಜೇನು ಬೇಡವೇ ಬೇಡ. ಬಜೆ, ಜಾಯಿಕಾಯಿಗಳನ್ನು ತೇಯ್ದು ನೆಕ್ಕಿಸುವುದೂ ಆರು ತಿಂಗಳೊಳಗೆ ತರವಲ್ಲ. ತೇಯುವ ಕಲ್ಲು, ಕೈ, ನೀರು ಈ ಮೂರೂ ಶುಚಿಯಾಗಿರುವುದು ಅಪರೂಪ. ಮೂಗಿಗೆ ಎಣ್ಣೆ ಬಿಡುವುದರಿಂದ ಅದು ಶ್ವಾಸಕೋಶಕ್ಕೆ ಇಳಿಯುವ ಅಪಾಯವುಂಟು. ಹೊಕ್ಕುಳಿಗೆ ಬೂದಿ, ಅರಿಸಿನ, ಎಣ್ಣೆ ಯಾವುದೂ ಬೇಡ, ಒಣಗಿರಲಿ. ಮಳೆಗಾಲದಲ್ಲಿ ಬಟ್ಟೆ ಒಣಗದೆ, ಕೋಣೆಯ ಬಾಗಿಲು ಕಿಟಕಿ ಮುಚ್ಚಿ ಕೆಂಡದ ಹೊಗೆ ಹಾಕುವ ರೂಢಿ ಕರಾವಳಿಯಲ್ಲಿ ಸ್ವಾಭಾವಿಕವಾಗಿ ಬೆಳೆದುದು. ಬಟ್ಟೆಯನ್ನು ಒಲೆಯ ಬಳಿ ಒಣಗಿಸಿ ಮಗುವನ್ನು ಹೊಗೆಯಿಂದ ದೂರವಿಡುವುದೇ ಅದಕ್ಕಿರುವ ದಾರಿ.

ಬಾಣಂತಿಯ ಪಥ್ಯದ್ದು ಬೇರೆಯೇ ಕಥೆ. ಹಾಲೂಡುವ ಮೊದಲ ಆರು ತಿಂಗಳು ತಾಯಿಗೆ ದಿನಕ್ಕೆ ಸುಮಾರು 600 ಕ್ಯಾಲರಿ ಹೆಚ್ಚಿನ ಆಹಾರ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುತ್ತದೆ. ಅಂಥ ಹೊತ್ತಿನಲ್ಲಿಯೇ ಸೊಪ್ಪು ಶೀತ, ಹಣ್ಣು ಕಫ, ನೀರು ಹೊಟ್ಟೆಗೆ ಬಾವು ಎಂದು ಒಂದೊಂದನ್ನೇ ತಟ್ಟೆಯಿಂದ ತೆಗೆದುಹಾಕಲಾಗುತ್ತದೆ. ಬಾಯಾರಿದವಳಿಗೆ ನೀರನ್ನು ನಿರಾಕರಿಸುವ ಪಥ್ಯಕ್ಕೆ ಯಾವ ಶಾಸ್ತ್ರದ ಬೆಂಬಲವೂ ಇರಲಾರದು. ಮೀನು ತಿನ್ನುವ ಮನೆಯಾದರೆ ಬಂಗಡೆ, ಬೈಗೆಗಳು ಅವಳ ಪಾಲಿಗೂ ಬರಲಿ.

ಕಾಮಾಲೆಯ ಮಾತನ್ನು ಸ್ವಲ್ಪ ವಿಸ್ತಾರವಾಗಿಯೇ ಆಡಬೇಕಾಗಿದೆ. ಮೂರು ತಾಲ್ಲೂಕುಗಳ ಭೂಗೋಳಕ್ಕೂ ಇದಕ್ಕೂ ನಂಟಿದೆ. ಹುಟ್ಟಿದ ಎರಡು ಮೂರು ದಿನಗಳಲ್ಲಿ ಬಹಳಷ್ಟು ಶಿಶುಗಳ ಕಣ್ಣು ಮೈ ಹಳದಿಯಾಗಿ, ವಾರ ಕಳೆಯುವಷ್ಟರಲ್ಲಿ ತಾನಾಗಿ ಇಳಿಯುತ್ತದೆ. ಆದ್ದರಿಂದಲೇ ಅಜ್ಜಿಯರು ಹೆದರುವುದಿಲ್ಲ. ಎಳೆ ಬಿಸಿಲು ಕಾಯಿಸಿದರೆ ಸರಿಹೋಗುತ್ತದೆಂಬ ನಂಬಿಕೆಗೂ ಒಂದು ಬುಡವಿದೆ. 1950ರ ದಶಕದಲ್ಲಿ ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದ ರಾಕ್‌ಫರ್ಡ್ ಆಸ್ಪತ್ರೆಯಲ್ಲಿ ಸಿಸ್ಟರ್ ಜೀನ್ ವಾರ್ಡ್ ಎಂಬ ದಾದಿ ಶಿಶುಗಳನ್ನು ಅಂಗಳಕ್ಕೆ ಒಯ್ದು ಬಿಸಿಲಿಗೆ ಹಿಡಿಯುತ್ತಿದ್ದರು. ಬಿಸಿಲು ಬಿದ್ದಲ್ಲಿ ಹಳದಿ ಮಾಸಿ, ಬಟ್ಟೆ ಮುಚ್ಚಿದಲ್ಲಿ ಉಳಿದದ್ದನ್ನು ವೈದ್ಯರಿಗೆ ತೋರಿಸಿದವರು ಅವರೇ. ಅದನ್ನು ಬೆನ್ನುಹತ್ತಿದ ಡಾಕ್ಟರ್ ಕ್ರೀಮರ್ ಮತ್ತು ಸಂಗಡಿಗರು 1958ರಲ್ಲಿ ಬೆಳಕಿನ ಚಿಕಿತ್ಸೆಯನ್ನು ಲೋಕಕ್ಕೆ ತಿಳಿಸಿದರು. ಇಂದು ಆಸ್ಪತ್ರೆಗಳಲ್ಲಿ ಉರಿಯುವ ನೀಲಿ ದೀಪಗಳ ಮೂಲ ಅಲ್ಲಿದೆ. ಆದರೆ ಕಿಟಕಿಯ ಬಿಸಿಲು ದೀಪದ ಕೆಲಸವನ್ನು ಮಾಡಲಾರದು. ಜೂನಿನಿಂದ ಸೆಪ್ಟೆಂಬರಿನವರೆಗೆ ಸೂರ್ಯನ ಮುಖವನ್ನೇ ವಾರಗಟ್ಟಲೆ ಕಾಣದ ಈ ಕರಾವಳಿಯಲ್ಲಿ ಬಿಸಿಲನ್ನು ನೆಚ್ಚಿ ಕೂರುವುದೆಂತು? ಹುಟ್ಟಿದ ಮೊದಲ ದಿನವೇ ಹಳದಿ ಕಂಡರೆ, ಅಂಗೈ ಅಂಗಾಲುಗಳವರೆಗೆ ಹಳದಿ ಇಳಿದರೆ, ಮಗು ಹಾಲು ಬಿಟ್ಟು ಜೋಲುಬಿದ್ದರೆ, ಅದು ಬೇರಿನ ಔಷಧಿಗೂ ಹರಕೆಗೂ ಕಾಯುವ ಸಮಯವಲ್ಲ. ಪಿತ್ತದ ಆ ವರ್ಣದ್ರವ್ಯ ಮಿದುಳಿಗೆ ಏರಿದರೆ ಆಗುವ ಹಾನಿ ಮರಳಿ ಸರಿಯಾಗದು.

ಹೊರಡಬೇಕೆಂದು ತೀರ್ಮಾನಿಸಿದ ಮೇಲೆಯೂ ದಾರಿ ಉಳಿಯುತ್ತದೆ. ಕುಮಟಾದಿಂದ ಮಣಿಪಾಲಕ್ಕೆ ಸುಮಾರು 150 ಕಿಲೋಮೀಟರು. ಭಟ್ಕಳದಿಂದಲೂ ತೊಂಬತ್ತರ ಹತ್ತಿರ. ತಾಲ್ಲೂಕು ಆಸ್ಪತ್ರೆಯ ಶಕ್ತಿ ಮೀರಿದ ಶಿಶುವನ್ನು ದಕ್ಷಿಣಕ್ಕಾದರೆ ಕುಂದಾಪುರ, ಮಣಿಪಾಲ, ಮಂಗಳೂರುಗಳತ್ತ, ಉತ್ತರಕ್ಕಾದರೆ ಕಾರವಾರದತ್ತ ಒಯ್ಯಬೇಕು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಹೊತ್ತು ದಕ್ಷಿಣಕ್ಕೆ ಹೊರಟ ಆಂಬ್ಯುಲೆನ್ಸೊಂದು ಬೈಂದೂರು ಬಳಿಯ ಶಿರೂರಿನ ಸುಂಕದ ಕಟ್ಟೆಗೆ ಅಪ್ಪಳಿಸಿ ನಾಲ್ವರು ಅಸುನೀಗಿದರು. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಆಗ ಬೀದಿಗಿಳಿಯಿತು. 2024ರ ಜುಲೈ 16ರಂದು ಅಂಕೋಲೆಯ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಹಲವು ದಿನ ಮುಚ್ಚಿದಾಗ ಕಾರವಾರದ ದಾರಿಯೂ ಕಡಿಯಿತು. ಹೆಸರು ಒಂದೇ, ಊರುಗಳು ಬೇರೆ. ಒಂದು ದಕ್ಷಿಣಕ್ಕೆ, ಇನ್ನೊಂದು ಉತ್ತರಕ್ಕೆ. ನಡುವೆ ಈ ಮೂರು ತಾಲ್ಲೂಕುಗಳ ತೊಟ್ಟಿಲುಗಳು.

ಆಸ್ಪತ್ರೆಯ ಬೇಡಿಕೆ ನ್ಯಾಯವಾದುದು, ಅದನ್ನು ಬಿಡತಕ್ಕದ್ದಲ್ಲ. ಆದರೆ ಆಸ್ಪತ್ರೆ ದೂರವಿದ್ದಷ್ಟೂ ಮನೆಯವರ ಕಣ್ಣು ಹೆಚ್ಚು ಚುರುಕಾಗಿರಬೇಕಾಗುತ್ತದೆ. ಮಣಿಪಾಲದ ಮಗ್ಗುಲಲ್ಲಿ ವಾಸಿಸುವವನು ಆರು ಗಂಟೆ ತಡಮಾಡಿ ಪಾರಾಗಬಹುದು, ಹೊನ್ನಾವರದ ಘಟ್ಟದಂಚಿನ ಹಳ್ಳಿಯವನಿಗೆ ಆ ಸಲಿಗೆಯಿಲ್ಲ. ನೋಡಿಕೊಳ್ಳಬೇಕಾದ ಲಕ್ಷಣಗಳು ಹೆಚ್ಚೇನಿಲ್ಲ. ಹಾಲು ಕುಡಿಯುತ್ತಿದ್ದ ಮಗು ಬಿಟ್ಟಿತೆ? ಸುಮ್ಮನೆ ಮಲಗಿದ್ದಾಗ ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಬಾರಿ ಉಸಿರಾಡುತ್ತಿದೆಯೆ? ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಸೆಳೆಯುತ್ತದೆಯೆ? ಮೈ ಸುಡುತ್ತಿದೆಯೆ, ಇಲ್ಲವೆ ಅಂಗಾಲು ಹೊಟ್ಟೆ ಎರಡೂ ತಣ್ಣಗಾಗಿವೆಯೆ? ಸೆಳವು ಬಂದಿತೆ? ಮೊದಲ ಎರಡು ತಿಂಗಳಲ್ಲಿ ಇವುಗಳಲ್ಲಿ ಒಂದೇ ಒಂದು ಕಂಡರೂ 108ಕ್ಕೆ ಕರೆಮಾಡಿ ಹೊರಡಬೇಕು. ದಾರಿಯಲ್ಲಿ ಮಗುವನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿ ಮಡಿಲಲ್ಲಿಡುವುದಕ್ಕಿಂತ, ಬರಿಮೈಯಲ್ಲಿ ತಾಯಿಯ ಎದೆಗೆ ಒರಗಿಸಿ ಮೇಲೆ ಹೊದೆಸುವುದು ಲೇಸು. 1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾದಲ್ಲಿ, ಕಾವುಪೆಟ್ಟಿಗೆಗಳು ಸಾಲದೆ ಹೋದಾಗ ಡಾಕ್ಟರ್ ರೇ ಸನಾಬ್ರಿಯಾ ಅವಧಿಗೆ ಮುನ್ನ ಹುಟ್ಟಿದ ಶಿಶುಗಳನ್ನು ತಾಯಂದಿರ ಎದೆಗೇ ಕಟ್ಟಿ ಬದುಕಿಸಿದ ಉಪಾಯವಿದು. ಬಡತನದಿಂದ ಹುಟ್ಟಿದ ಈ ವಿದ್ಯೆಯನ್ನು ಈಗ ಸಿರಿವಂತ ದೇಶಗಳೂ ಕಲಿತಿವೆ. ತಾಯಿ ಇನ್ನೂ ಎದ್ದು ಬರಲಾರದವಳಾದರೆ ತಂದೆಯ ಎದೆಯೂ ಅಷ್ಟೇ ಬೆಚ್ಚಗಿರುತ್ತದೆ.

ಉಸಿರನ್ನು ಎಣಿಸುವುದು ಓದದವರಿಂದಾಗದು ಎಂದು ಯಾರಾದರೂ ಹೇಳಿದರೆ ಅವರು ಗಡಚಿರೋಲಿಯತ್ತ ನೋಡಬೇಕು. ಮಹಾರಾಷ್ಟ್ರದ ಆ ಅರಣ್ಯ ಜಿಲ್ಲೆಯಲ್ಲಿ ಡಾಕ್ಟರ್ ಅಭಯ ಬಂಗ್ ಮತ್ತು ರಾಣಿ ಬಂಗ್ ದಂಪತಿಗಳು 39 ಹಳ್ಳಿಗಳ ಸಾಮಾನ್ಯ ಹೆಂಗಸರಿಗೆ ನವಜಾತ ಶಿಶುವಿನ ಆರೈಕೆಯನ್ನು ಕಲಿಸಿದರು. 1999ರಲ್ಲಿ ಪ್ರಕಟವಾದ ಅವರ ವರದಿಯಂತೆ ಅಲ್ಲಿ ಮೊದಲ ತಿಂಗಳ ಶಿಶುಮರಣ ನೂರಕ್ಕೆ ಅರವತ್ತರಷ್ಟು ಇಳಿದಿತ್ತು. 2011ರಿಂದ ಸರ್ಕಾರ ಅದನ್ನೇ ದೇಶಕ್ಕೆಲ್ಲ ಹರಡಿತು. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಾದರೆ 3, 7, 14, 21, 28 ಮತ್ತು 42ನೆಯ ದಿನಗಳಂದು ಆಶಾ ಕಾರ್ಯಕರ್ತೆ ಮನೆಗೆ ಬಂದು ತೂಗಿ, ಜ್ವರ ನೋಡಿ, ಹಾಲೂಡುವುದನ್ನು ಗಮನಿಸಬೇಕೆಂದು ನಿಯಮ. ಇಲ್ಲೊಂದು ತೊಡಕಿದೆ. ಚೊಚ್ಚಲ ಹೆರಿಗೆಗೆ ತವರಿಗೆ ಬರುವುದು ಈ ಭಾಗದ ಪದ್ಧತಿ. ಬೆಂಗಳೂರಿಗೋ ಮುಂಬಯಿಗೋ ಕೊಟ್ಟ ಮಗಳು ಕುಮಟಾದ ಮನೆಗೆ ಬಂದು ಹಡೆದರೆ ಅವಳ ಹೆಸರು ಅಲ್ಲಿಯ ಪಟ್ಟಿಯಲ್ಲೂ ಇರದೆ, ಇಲ್ಲಿಯ ಪಟ್ಟಿಗೂ ಸೇರದೆ ಉಳಿಯಬಹುದು. ಬಳೆ ತೊಡಿಸಿ ಸೀಮಂತ ಮಾಡುವ ಸಂಭ್ರಮದಲ್ಲಿ, ತಾಯಿಕಾರ್ಡನ್ನು ಊರಿನ ಆಶಾ ಕಾರ್ಯಕರ್ತೆಗೆ ತೋರಿಸಿ ಬರುವ ಐದು ನಿಮಿಷದ ಕೆಲಸವನ್ನು ತಂದೆಯಾಗಲಿರುವವನು ಮಾಡಿದರೆ ಅದಕ್ಕಿಂತ ಮಿಗಿಲಾದ ಉಡುಗೊರೆಯಿಲ್ಲ.

ಲಸಿಕೆಗಳ ವಿಷಯ ದೀರ್ಘವಾಗಿ ಹೇಳಬೇಕಾದುದಲ್ಲ. ಹುಟ್ಟಿದಾಗ, ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ, ಒಂಬತ್ತು ತಿಂಗಳು ತುಂಬಿದಾಗ, ಎಲ್ಲವೂ ಉಚಿತ. 2011ರ ಜನವರಿಯ ಬಳಿಕ ಈ ದೇಶದಲ್ಲಿ ಒಬ್ಬ ಮಗುವಿಗೂ ಕಾಡುಪೋಲಿಯೋ ತಗುಲಿಲ್ಲವೆಂಬ ಒಂದೇ ಮಾತು ಸಾಕು. 2017ರ ಫೆಬ್ರವರಿಯಲ್ಲಿ ದಡಾರ ರುಬೆಲ್ಲಾ ಲಸಿಕೆಯ ಅಭಿಯಾನ ಕರ್ನಾಟಕದಲ್ಲಿ ಆರಂಭವಾದಾಗ ಮೊಬೈಲುಗಳಲ್ಲಿ ಹರಿದ ವದಂತಿಗಳನ್ನು ಶಾಲೆಯ ಅಂಗಳದಲ್ಲಿ ನಿಂತು ಎದುರಿಸಿದ ಉಪಾಧ್ಯಾಯರು ಇನ್ನೂ ಸೇವೆಯಲ್ಲಿದ್ದಾರೆ. ಚುಚ್ಚಿದ ಸಂಜೆ ಜ್ವರ ಬಂದಿತೆಂದು ಮುಂದಿನ ಸರದಿಯನ್ನೇ ತಪ್ಪಿಸುವ ಮನೆಗಳಿಗೆ ಅವರ ಮಾತು ವೈದ್ಯರ ಮಾತಿಗಿಂತ ಬೇಗ ತಟ್ಟುತ್ತದೆ. ಕೊಂಕಣಿಯಲ್ಲಿ, ನವಾಯತಿಯಲ್ಲಿ, ಹಾಲಕ್ಕಿ ಕನ್ನಡದಲ್ಲಿ ಆಡಿದರಂತೂ ಇನ್ನೂ ಬೇಗ. ಅಚ್ಚುಕಟ್ಟಾದ ಗ್ರಾಂಥಿಕ ಕನ್ನಡದ ಕರಪತ್ರ ಅಜ್ಜಿಯ ಬಳಿಗೆ ತಲಪುವುದು ಹಪ್ಪಳ ಒಣಗಿಸುವ ಕಾಗದವಾಗಿ ಮಾತ್ರ.

ಆರು ತಿಂಗಳು ಬರಿಯ ಎದೆಹಾಲು; ವೈಶಾಖದ ಸೆಕೆಯಲ್ಲಿಯೂ ನೀರು ಬೇಡ. ಅನಂತರ ಒಂದು ದಿನವೂ ತಡವಿಲ್ಲದೆ ಮೇಲಾಹಾರ. ಇಲ್ಲಿ ನಡೆಯುವ ತಪ್ಪು ವಿಚಿತ್ರವಾದುದು. ಆರು ತಿಂಗಳೊಳಗೆ ಅವಸರಪಟ್ಟು ಏನೇನನ್ನೋ ನೆಕ್ಕಿಸಿದ ಮನೆಯೇ, ಆರು ತುಂಬಿದ ಮೇಲೆ ಜೀರ್ಣವಾಗದೆಂದು ಅಂಜಿ ಗಂಜಿಯ ತಿಳಿಯನ್ನಷ್ಟೇ ಕುಡಿಸುತ್ತದೆ. ಅದೇ ಕುಟುಂಬ ಸಮೀಕ್ಷೆಯಂತೆ ಆರು ತಿಂಗಳಿಂದ ಎರಡು ವರ್ಷದೊಳಗಿನ ಮಕ್ಕಳಲ್ಲಿ ಸಮರ್ಪಕ ಆಹಾರ ಪಡೆಯುತ್ತಿದ್ದವರು ದೇಶದಲ್ಲಿ 100ಕ್ಕೆ ಸುಮಾರು 11. ತಿಳಿಯಲ್ಲಿರುವುದು ನೀರು, ಮಗುವಿಗೆ ಬೇಕಾದುದು ಚಮಚದಿಂದ ಜಾರಿ ಬೀಳದಷ್ಟು ಗಟ್ಟಿಯಾದ ರಾಗಿ ಮಣ್ಣಿ, ಕುಚ್ಚಲಕ್ಕಿ ಅನ್ನಕ್ಕೆ ಹೆಸರುಬೇಳೆ ಕಿವುಚಿ ಒಂದು ಚಮಚ ತುಪ್ಪ, ಕಿವುಚಿದ ಬಾಳೆಹಣ್ಣು, ಬಸಳೆ ಹರಿವೆ, ಸಲ್ಲುವ ಮನೆಯಲ್ಲಿ ಮೊಟ್ಟೆಯೂ ಮುಳ್ಳು ಬಿಡಿಸಿದ ಮೀನೂ. ಹಸುವಿನ ಹಾಲನ್ನೇ ಮುಖ್ಯ ಆಹಾರವಾಗಿ ಮೊದಲ ವರ್ಷ ಕೊಟ್ಟರೆ ಕಬ್ಬಿಣದ ಅಂಶ ಕುಂದುತ್ತದೆ. ಶಿಶುಹಾಲಿನ ಪುಡಿಯ ಜಾಹೀರಾತನ್ನೇ 1992ರ ಕಾಯಿದೆ ನಿಷೇಧಿಸಿದೆಯೆಂಬುದು ಬಹಳ ಮಂದಿಗೆ ತಿಳಿಯದು.

ಭೇದಿಯಾದ ಮಗುವಿಗೆ ನೀರು ಅನ್ನ ಎರಡನ್ನೂ ನಿಲ್ಲಿಸುವ ಪುರಾತನ ತಪ್ಪು ಇನ್ನೂ ಅಲ್ಲಲ್ಲಿ ಉಳಿದಿದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ಬನ್‌ಗಾಂವಿನ ಶಿಬಿರದಲ್ಲಿ ವಾಂತಿಭೇದಿಯಿಂದ ಸಾಯುತ್ತಿದ್ದಾಗ ಡಾಕ್ಟರ್ ದಿಲೀಪ್ ಮಹಾಲನಬಿಸ್ ಉಪ್ಪು ಸಕ್ಕರೆಗಳ ದ್ರಾವಣವನ್ನು ಡ್ರಮ್ಮುಗಳಲ್ಲಿ ಕದಡಿ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಮಳೆಯ ನೀರು ಬಾವಿಗೆ ನುಗ್ಗುವ ಆಷಾಢದಲ್ಲಿ ಪ್ರತಿ ಮನೆಯ ಗೂಡಿನಲ್ಲಿ ಎರಡು ಓ.ಆರ್.ಎಸ್. ಪೊಟ್ಟಣ, ಜೊತೆಗೆ ವೈದ್ಯರು ಹೇಳಿದಂತೆ ಹದಿನಾಲ್ಕು ದಿನದ ಸತುವಿನ ಮಾತ್ರೆ ಇದ್ದರೆ ಆಯಿತು.

ಇನ್ನು ತಾಯಿಯ ಮನಸ್ಸು. ಹೆತ್ತ ಒಂದೆರಡು ವಾರ ಕಾರಣವಿಲ್ಲದೆ ಅಳು ಬರುವುದು ಸಹಜ. ಆದರೆ ತಿಂಗಳಾದರೂ ನಗು ಮರಳದೆ, ಮಗುವಿನ ಮೇಲೆ ಮನಸ್ಸಾಗದೆ, ಮಗು ಮಲಗಿದರೂ ತಾನು ಮಲಗಲಾರದೆ ಹೋದವಳಿಗೆ ಸೋಕು, ಗಾಳಿ ಎಂಬ ಹೆಸರು ಹಚ್ಚುವುದು ಸುಲಭ. ಅದು ಚಿಕಿತ್ಸೆಯಿಂದ ವಾಸಿಯಾಗುವ ಕಾಯಿಲೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416; ಕನ್ನಡದಲ್ಲಿಯೇ ಮಾತಾಡಬಹುದು. ಭಟ್ಕಳದ ಎಷ್ಟೋ ಮನೆಗಳಲ್ಲಿ ಗಂಡಸರು ದುಡಿಯುವುದು ದುಬಾಯಿ, ಸೌದಿಗಳಲ್ಲಿ. ಕಡಲ ಕೇರಿಯವರು ದಿನಗಟ್ಟಲೆ ದೋಣಿಯಲ್ಲಿ. ದೂರವಿರುವ ಗಂಡ ಫೋನಿನಲ್ಲಿ ಮಗುವಿನ ಮುಖವನ್ನು ತೋರಿಸೆನ್ನುತ್ತಾನೆ. ನಿನ್ನೆ ರಾತ್ರಿ ಎಷ್ಟು ಹೊತ್ತು ಮಲಗಿದೆ ಎಂದು ಅವಳನ್ನು ಕೇಳುವುದಿಲ್ಲ.

ಬಾಣಂತನದ ನಲವತ್ತು ದಿನಗಳೂ ಎಲ್ಲರ ಭಾಗ್ಯವಲ್ಲ. ಅಘನಾಶಿನಿಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಸೊಂಟದ ನೀರಿನಲ್ಲಿ ನಿಂತು ಬಳಚು ಆಯುವವಳು, ಗೇರುಬೀಜದ ಕಾರ್ಖಾನೆಯಲ್ಲಿ ತೂಕದ ಮೇಲೆ ಕೂಲಿ ಪಡೆಯುವವಳು, ತಲೆಯ ಮೇಲೆ ಮೀನು ಹೊತ್ತು ಮನೆಮನೆ ತಿರುಗುವವಳು ಆರು ತಿಂಗಳು ಬರಿ ಎದೆಹಾಲು ಎಂಬ ಉಪದೇಶವನ್ನು ಕೇಳಿ ಏನು ಮಾಡಬೇಕು? ಉದ್ಯೋಗ ಖಾತರಿಯ ಕೂಲಿಕಾರ ತಾಯಂದಿರಿಗಾಗಿ 2023ರಲ್ಲಿ ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆಗಳು ಆರಂಭವಾದುವು. ಅಳಿವೆಯ ಹೆಂಗಸರ ಹೊತ್ತು ಉಬ್ಬರ ಇಳಿತಗಳಿಗೆ ತಕ್ಕಂತೆ ಬದಲಾಗುವುದರಿಂದ ಹತ್ತರಿಂದ ಐದರ ಯಾವ ವ್ಯವಸ್ಥೆಯೂ ಅವರಿಗೆ ಪೂರ್ತಿ ಒದಗದು. ಎದೆಹಾಲನ್ನು ಶುಚಿಯಾದ ಲೋಟಕ್ಕೆ ಹಿಂಡಿಟ್ಟು ಹೋದರೆ ನಾಲ್ಕು ತಾಸು ಕೆಡದೆ ಇರುತ್ತದೆಂದೂ, ಅಜ್ಜಿ ಅದನ್ನು ಚಮಚದಿಂದ ಕುಡಿಸಬಹುದೆಂದೂ ಯಾರಾದರೂ ಕಲಿಸಿದ್ದಾರೆಯೆ?

ವಿದ್ಯಾಸಂಸ್ಥೆಗಳೂ ತಮ್ಮ ಮನೆಯನ್ನು ನೋಡಿಕೊಳ್ಳಬೇಕಾಗಿದೆ. 2017ರ ತಿದ್ದುಪಡಿ ಹೆರಿಗೆ ರಜೆಯನ್ನು 26 ವಾರಗಳಿಗೆ ಏರಿಸಿತು. ಆರು ತಿಂಗಳ ಎದೆಹಾಲಿನ ಲೆಕ್ಕಕ್ಕೆ ಅದು ಸರಿಹೊಂದುತ್ತದೆ. ಅನುದಾನರಹಿತ ಶಾಲೆಯ ತಾತ್ಕಾಲಿಕ ಶಿಕ್ಷಕಿಯ ಪಾಲಿಗೆ ಮಾತ್ರ ಆ ರಜೆ ಕೆಲಸವನ್ನೇ ಬಿಡುವುದಕ್ಕೆ ಸಮಾನವಾಗುವ ಸಂದರ್ಭಗಳಿವೆ. ರಜೆ ಮುಗಿಸಿ ಬಂದವಳಿಗೂ ಹಾಲೂಡಲು, ಹಾಲು ಹಿಂಡಿಡಲು ಸ್ಟಾಫ್ ರೂಮಿನ ಬೀರುವಿನ ಮರೆಯೇ ಗತಿ. ಕೊಠಡಿಗಳನ್ನೂ ಕಮಾನುಗಳನ್ನೂ ಕಟ್ಟಿಸಿಕೊಡುವ ಉದಾರಿಗಳಿಗೆ ಈ ಭಾಗದಲ್ಲಿ ಕೊರತೆಯಿಲ್ಲ. ಅವರಲ್ಲೊಬ್ಬರು ಹತ್ತಡಿ ಉದ್ದಗಲದ, ಒಳಗಿನಿಂದ ಚಿಲಕವಿರುವ, ಒಂದು ಒರಗು ಕುರ್ಚಿ ಮತ್ತು ಕೈತೊಳೆಯುವ ನೀರಿನ ನಲ್ಲಿಯುಳ್ಳ ಕೋಣೆಯೊಂದನ್ನು ಯಾವ ಫಲಕವೂ ಇಲ್ಲದೆ ಕಟ್ಟಿಸಿಕೊಟ್ಟರೆ, ವೇಳಾಪಟ್ಟಿಯಲ್ಲಿ ಮೂರನೆಯ ಪಿರಿಯಡಿನ ಬಳಿಕ ಆ ಶಿಕ್ಷಕಿಗೆ ಅರ್ಧ ಗಂಟೆ ಬಿಡುವು ಹೊಂದಿಸಿಕೊಡುವುದು ಮುಖ್ಯಾಧ್ಯಾಪಕರಿಗೆ ಬಿಟ್ಟ ವಿಚಾರ.